ಬೇರುನಾಳದ ಶಿಲೀಂಧ್ರಕ್ಕೆ ಯಾವ ಪೇಸ್ಟ್? ಹೋಲಿಸಿ ನೋಡುವ ಕ್ರಮ

ರೂಟ್ ಕೆನಾಲ್ ಚಿಕಿತ್ಸೆಯಾದ ಮೇಲೂ ಸೋಂಕು ಆರದ ಹಲ್ಲುಗಳಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೆ ಕೆಲವೊಮ್ಮೆ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರವೂ ಕಾಣಸಿಗುತ್ತದೆ. ಎರಡು ಭೇಟಿಗಳ ನಡುವೆ ನಾಳದಲ್ಲಿ ತುಂಬಿಡುವ ಪೇಸ್ಟ್‌ಗಳಲ್ಲಿ ಯಾವುದು ಇದನ್ನು ಹತೋಟಿಗೆ ತರುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಹೀಗೆ ಪರೀಕ್ಷಿಸಬೇಕು.

ಮೊದಲು ಪೇಸ್ಟ್‌ಗಳ ಆಯ್ಕೆ. ಬಹುಕಾಲದಿಂದ ಬಳಕೆಯಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಬಲವಿರುವುದು ಅದರ ಕ್ಷಾರಗುಣದಲ್ಲಿ. ಪಿಎಚ್ ಸುಮಾರು 12.5ರಷ್ಟಿದ್ದರೂ ಕ್ಯಾಂಡಿಡಾ ಅದನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಕ್ರಿಮಿನಾಶಕವಾದ ಶೇ 2ರ ಕ್ಲೋರ್‌ಹೆಕ್ಸಿಡಿನ್ ಜೆಲ್ ಹೋಲಿಕೆಯಲ್ಲಿ ಇರಲೇಬೇಕು. ಸಿಪ್ರೊಫ್ಲಾಕ್ಸಸಿನ್, ಮೆಟ್ರೊನಿಡಜೋಲ್ ಮತ್ತು ಮಿನೊಸೈಕ್ಲಿನ್ ಬೆರೆತ ತ್ರಿವಳಿ ಪೇಸ್ಟ್ ಬ್ಯಾಕ್ಟೀರಿಯಾಗಳಿಗಾಗಿಯೇ ರೂಪಿಸಿದ್ದಾದ್ದರಿಂದ, ಅದಕ್ಕೆ ಶಿಲೀಂಧ್ರನಾಶಕವಾದ ಕ್ಲೋಟ್ರಿಮಜೋಲ್ ಸೇರಿಸಿದ ಮಿಶ್ರಣವನ್ನೂ ಪಕ್ಕದಲ್ಲಿಡಬೇಕು. ಪೇಸ್ಟ್ ಕಲಸಲು ಬಳಸುವ, ಔಷಧಿಯಿಲ್ಲದ ಬರಿಯ ಮಾಧ್ಯಮದ್ರವವನ್ನು ಹೋಲಿಕೆಯಿಂದ ಬಿಟ್ಟರೆ ಫಲಿತಾಂಶ ಔಷಧಿಯದೋ ದ್ರವದ್ದೋ ಎಂದು ಹೇಳಲಾಗದು.

ನಂತರ ಸಬೌರಾಡ್ ಅಗಾರ್ (ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ತಟ್ಟೆಯ ಮೇಲೆ ಶಿಲೀಂಧ್ರವನ್ನು ಸಮವಾಗಿ ಹರಡಿ, ಕೊರೆದ ಗುಳಿಗಳಲ್ಲಿ ಪೇಸ್ಟ್ ತುಂಬಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 48 ಗಂಟೆ ಇಟ್ಟು, ಸುತ್ತ ಬೆಳವಣಿಗೆಯಿಲ್ಲದ ವಲಯವನ್ನು ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಇದು ಸುಲಭ, ಅಗ್ಗ. ಆದರೆ ಈ ಅಂಕಿಯನ್ನೇ ತೀರ್ಪೆಂದು ಒಪ್ಪುವುದು ತಪ್ಪು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವುದೇ ಕಡಿಮೆ. ಅಗಾರ್‌ನಲ್ಲಿ ದೂರ ಹರಡದ ಪೇಸ್ಟ್ ಕೊಲ್ಲುವ ಶಕ್ತಿಯಲ್ಲಿಯೂ ಹಿಂದೆ ಎಂದು ಹೇಳಲು ಬಾರದು.

ನಿಜವಾದ ಪರೀಕ್ಷೆ ನಡೆಯಬೇಕಾದದ್ದು ದಂತದ್ರವ್ಯದಲ್ಲಿ, ಅಂದರೆ ನಾಳದ ಸುತ್ತಲಿನ ಗಟ್ಟಿ ಭಾಗವಾದ ಡೆಂಟಿನ್‌ನಲ್ಲಿ. ಕಿತ್ತ ಹಲ್ಲುಗಳ ಬೇರನ್ನು ತುಂಡರಿಸಿ, ನಾಳವನ್ನು ಒಂದೇ ಅಗಲಕ್ಕೆ ಕೊರೆದು, ಒಳಗೋಡೆಗೆ ಮೆತ್ತಿದ ಪುಡಿಪದರವನ್ನು ಶೇ 17ರ ಇಡಿಟಿಎ (ಖನಿಜಾಂಶ ಕರಗಿಸುವ ರಾಸಾಯನಿಕ) ಮತ್ತು ಸೋಡಿಯಂ ಹೈಪೊಕ್ಲೋರೈಟ್‌ನಿಂದ ತೆಗೆದ ಮೇಲೆಯೇ ಡೆಂಟಿನ್‌ನ ಸೂಕ್ಷ್ಮನಳಿಕೆಗಳ ಬಾಯಿ ತೆರೆದು ಶಿಲೀಂಧ್ರ ಒಳಗಿಳಿಯುತ್ತದೆ. ತುಂಡುಗಳನ್ನು ಕ್ರಿಮಿಶುದ್ಧಗೊಳಿಸಿ, ಶಿಲೀಂಧ್ರ ನೆಲೆಯೂರಲು ದಿನಗಳ ಕಾಲ ಬಿಟ್ಟು, ಬಳಿಕ ಪೇಸ್ಟ್ ತುಂಬಿ ಸಾಮಾನ್ಯವಾಗಿ ಏಳು ದಿನ ಇಡಬೇಕು. ಡೆಂಟಿನ್ ತಾನೇ ಕ್ಷಾರವನ್ನು ತಗ್ಗಿಸುವುದರಿಂದ, ಸೀಸೆಯಲ್ಲಿ ಅಳೆದ ಪಿಎಚ್ ನಳಿಕೆಯ ಆಳದಲ್ಲಿ ಇರುವುದಿಲ್ಲ. ಇದನ್ನು ಅಗಾರ್ ತಟ್ಟೆ ಎಂದೂ ತೋರಿಸದು.

ಮಾದರಿ ತೆಗೆಯುವಾಗ ಒಂದಕ್ಕಿಂತ ಒಂದು ದಪ್ಪದ ಎರಡು ಡ್ರಿಲ್‌ಗಳಿಂದ ಮೇಲ್ಪದರದ ಪುಡಿಯನ್ನೂ ಒಳಪದರದ ಪುಡಿಯನ್ನೂ ಬೇರೆಬೇರೆಯಾಗಿ ಸಂಗ್ರಹಿಸಿ, ತಟ್ಟೆಯಲ್ಲಿ ಬೆಳೆಸಿ, ಶಿಲೀಂಧ್ರದ ವಸಾಹತುಗಳನ್ನು (ಗುಂಪುಗಳನ್ನು) ಎಣಿಸಬೇಕು. ಇಲ್ಲಿ ಅತ್ಯಂತ ಎಚ್ಚರ ಬೇಕು: ಪುಡಿಯೊಡನೆ ಬಂದ ಕ್ಲೋರ್‌ಹೆಕ್ಸಿಡಿನ್ ತಟ್ಟೆಯಲ್ಲಿಯೂ ಕೊಲ್ಲುತ್ತಲೇ ಇದ್ದರೆ ನಾಳ ಶುದ್ಧವಾಯಿತೆಂಬ ಸುಳ್ಳು ಚಿತ್ರ ಸಿಗುತ್ತದೆ. ಆದ್ದರಿಂದ ಅದನ್ನು ಲೆಸಿಥಿನ್ ಮತ್ತು ಟ್ವೀನ್ 80ರಿಂದ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನು ಸಿಟ್ರಿಕ್ ಆಮ್ಲದಿಂದ ಮೊದಲೇ ನಿಷ್ಕ್ರಿಯಗೊಳಿಸಬೇಕು.

ಎರಡು ಪೇಸ್ಟ್‌ಗಳ ಎಣಿಕೆ ಸರಿಸಮವಾಗಿ ಬಂದರೆ ಹಲ್ಲಿನ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಿನೊಸೈಕ್ಲಿನ್ ಡೆಂಟಿನ್‌ಗೆ ಕಲೆ ಹಿಡಿಸುವುದರಿಂದ ಮುಂಭಾಗದ ಹಲ್ಲುಗಳಿಗೆ ಅದಿಲ್ಲದ ಪೇಸ್ಟ್ ಲೇಸು.