ಡೊಮೇನ್ ಟ್ರಾನ್ಸ್‌ಫರ್‌: ಪ್ರೈವಸಿ ಸೇವೆ ಅಡ್ಡ ಬಾರದಂತೆ ಮಾಡುವುದು ಹೇಗೆ?

ಬೀದರಿನಲ್ಲಿ ನಿಮ್ಮದೊಂದು ಬಿದ್ರಿ ಸಾಮಾನಿನ ಅಂಗಡಿ ಇದೆ ಎಂದುಕೊಳ್ಳಿ. ವೆಬ್‌ಸೈಟನ್ನು ಹೈದರಾಬಾದಿನ ಡಿಸೈನರ್ ಒಬ್ಬರು ಮಾಡಿಕೊಟ್ಟಿದ್ದಾರೆ. ಡಾಟ್ ಕಾಮ್ ಹೆಸರನ್ನೂ (ಡೊಮೇನ್) ಅವರೇ ಕೊಂಡು, ಮಾಲೀಕರ ವಿವರ ಹೊರಗೆ ಕಾಣದಂತೆ ಮರೆಮಾಡುವ ಪ್ರೈವಸಿ ಸೇವೆ ಹಾಕಿಸಿದ್ದಾರೆ. ಈಗ ರಿನ್ಯೂವಲ್ ದರ ಏರಿದೆ, ಹೆಸರನ್ನು ಕಡಿಮೆ ದರದ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬಳಿಗೆ ಸಾಗಿಸಬೇಕು. ತೊಡಕು ಶುರುವಾಗುವುದೇ ಇಲ್ಲಿ.

ಪ್ರೈವಸಿ ಸೇವೆ ಬೇಕೇ ಬೇಕು ಎಂಬುದು ನನ್ನ ನಿಲುವು. ಮನೆಯಲ್ಲೇ ಕೆಲಸ ಮಾಡುವ ಕುಶಲಕರ್ಮಿಯ ವಿಳಾಸ, ಮೊಬೈಲ್ ನಂಬರ್ ಊರಿಗೆಲ್ಲ ಕಾಣಬೇಕಿಲ್ಲ. ಆದರೆ ಈ ಸೇವೆಯಲ್ಲಿ ಎರಡು ಬಗೆ. ಒಂದರಲ್ಲಿ ಮಾಲೀಕರಾಗಿ ನಿಮ್ಮ ಹೆಸರೇ ಇದ್ದು, ವಿಳಾಸ ಮತ್ತು ಇಮೇಲ್ ಮಾತ್ರ ಸೇವೆಯವರದಾಗಿರುತ್ತದೆ. ಇನ್ನೊಂದು ಪ್ರಾಕ್ಸಿ. ಅದರಲ್ಲಿ ದಾಖಲೆಯ ಪ್ರಕಾರ ಮಾಲೀಕರು ಆ ಕಂಪನಿಯೇ, ನಿಮ್ಮ ಹಕ್ಕು ಅವರ ಜತೆಗಿನ ಒಪ್ಪಂದದಲ್ಲಿ ಮಾತ್ರ ಇರುತ್ತದೆ.

ಹಾಗಾಗಿ ಮೊದಲು ನೋಡಬೇಕಾದ್ದು ಒಳಗೆ ಯಾರ ಹೆಸರಿದೆ ಎಂಬುದು. ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ ಕಾಂಟ್ಯಾಕ್ಟ್ ವಿವರ ತೆರೆಯಿರಿ. ಖಾತೆಯೇ ಡಿಸೈನರ್ ಕೈಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್‌ನ (ICANN) ಲುಕಪ್ ಪುಟವನ್ನಷ್ಟೇ, ಅಂದರೆ ಹೆಸರಿನ ವಿವರ ಹುಡುಕುವ ಪುಟವನ್ನಷ್ಟೇ ನಂಬಿ ಕೂರಬೇಡಿ. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾನೂನು 2018ರಲ್ಲಿ ಜಾರಿಯಾದ ಮೇಲೆ ಪ್ರೈವಸಿ ಸೇವೆ ಇಲ್ಲದ ಹೆಸರುಗಳಲ್ಲೂ ‘ರಿಡ್ಯಾಕ್ಟೆಡ್’ (ಮರೆಮಾಡಲಾಗಿದೆ) ಎಂದೇ ಕಾಣಿಸುವುದುಂಟು. ಒಳಗೆ ಯಾರಿದ್ದಾರೆ ಎಂಬುದು ಅಲ್ಲಿ ತಿಳಿಯುವುದಿಲ್ಲ.

ಮುಂದಿನದು ಇಮೇಲ್. ಸೇವೆಯವರು ಕೊಡುವ ವಿಳಾಸ ಅಡ್ಡಾದಿಡ್ಡಿ ಅಕ್ಷರಗಳದ್ದು. ಅಲ್ಲಿಗೆ ಬಂದ ಪತ್ರವನ್ನು ಅವರು ನಿಮ್ಮ ಇಮೇಲಿಗೆ ದಾಟಿಸುತ್ತಾರೆ. ನಿಮ್ಮ ಹಳೆಯ ಇಮೇಲ್ ಬಂದ್ ಆಗಿದ್ದರೆ, ಇಲ್ಲವೇ ಪತ್ರ ಸ್ಪ್ಯಾಮ್‌ಗೆ ಬಿದ್ದರೆ ನಿಮಗೆ ಸುದ್ದಿಯೇ ಗೊತ್ತಾಗದು. ಟ್ರಾನ್ಸ್‌ಫರ್ ಕೋರಿಕೆ ಬಂದಾಗ ಹಳೆಯ ರಿಜಿಸ್ಟ್ರಾರ್ ಕಳಿಸುವ ಸೂಚನೆಗೆ ಐದು ದಿನದೊಳಗೆ ಯಾರೂ ಬೇಡವೆನ್ನದಿದ್ದರೆ ಹೆಸರು ಸಾಮಾನ್ಯವಾಗಿ ಸಾಗಿಹೋಗುತ್ತದೆ. ನೀವೇ ಕೇಳಿದ್ದಾದರೆ ಸರಿ. ಬೇರೆ ಯಾರೋ ಕೇಳಿದ್ದರೆ, ತಡೆಯಲು ಇದ್ದ ಅವಕಾಶ ಆ ಪತ್ರದ ಜತೆಗೇ ಕಳೆದುಹೋದಂತೆ. ಆದ್ದರಿಂದ ಆ ಅಡ್ಡಾದಿಡ್ಡಿ ವಿಳಾಸಕ್ಕೆ ನೀವೇ ಒಂದು ಪತ್ರ ಕಳಿಸಿ, ಬರುತ್ತದೆಯೇ ನೋಡಿ. ಕೆಲವು ಸೇವೆಗಳು ಇಮೇಲ್ ಬದಲು ವೆಬ್ ಫಾರ್ಮ್ ಇಟ್ಟಿರುತ್ತವೆ, ಆಗ ಅದರಲ್ಲೇ ಬರೆದು ನೋಡಿ.

ಈಗ ಪ್ರೈವಸಿ ತೆಗೆಯುವ ಮಾತು. ಕೆಲವು ರಿಜಿಸ್ಟ್ರಾರ್‌ಗಳು ಅದನ್ನು ತೆಗೆಯದೆ ಹೆಸರನ್ನು ಸಾಗಿಸಲು ಬಿಡುವುದಿಲ್ಲ, ಕೆಲವರಿಗೆ ಅದು ಬೇಕಿಲ್ಲ. ಮೊದಲೇ ಕೇಳಿಕೊಳ್ಳಿ. ಏಕೆಂದರೆ ಡಾಟ್ ಕಾಮ್‌ನಂಥ ಹೆಸರುಗಳಿಗೆ 2016ರ ಡಿಸೆಂಬರ್‌ನಲ್ಲಿ ಬಂದ ಐಕಾನ್ ನಿಯಮದಂತೆ ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಾದರೆ 60 ದಿನ ಲಾಕ್ ಬೀಳಬಹುದು, ಅಂದರೆ ಅಷ್ಟು ದಿನ ಬೇರೆ ರಿಜಿಸ್ಟ್ರಾರ್ ಬಳಿಗೆ ಸಾಗಿಸಲಾಗದು. ಪ್ರೈವಸಿ ಹಾಕುವುದು, ತೆಗೆಯುವುದಕ್ಕೂ ಇದು ಅನ್ವಯಿಸಬೇಕೇ ಎಂಬ ವಿವಾದ ಎದ್ದು, ಆ ಭಾಗದ ಜಾರಿಯನ್ನು ಐಕಾನ್ ಮುಂದೂಡಿತು. ಆದರೂ ‘ಪ್ರೈವಸಿ ತೆಗೆದರೆ ನೀವು ಲಾಕ್ ಹಾಕುತ್ತೀರಾ?’ ಎಂದು ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾಲೀಕರ ಹೆಸರು ತಪ್ಪಿದ್ದರೂ ಖಾತೆ ಮತ್ತು ಇಮೇಲ್ ನಿಮ್ಮ ಕೈಯಲ್ಲಿದ್ದರೆ ಮೊದಲು ಸಾಗಿಸಿ, ತಿದ್ದುಪಡಿ ಆಮೇಲೆ ಮಾಡಿಕೊಳ್ಳಿ. ಇಮೇಲನ್ನೇ ಬದಲಿಸಬೇಕಾಗಿ ಬಂದರೆ, 60 ದಿನದ ಲಾಕ್ ಬೇಡ ಎನ್ನುವ ಆಯ್ಕೆ ಇದೆಯೇ ಎಂದು ಸೇವ್ ಒತ್ತುವ ಮೊದಲು ಹುಡುಕಿ. ಒತ್ತಿದ ಮೇಲೆ ಅದು ಸಿಗದು.

ಉಳಿದದ್ದು ಸಲೀಸು. ಟ್ರಾನ್ಸ್‌ಫರ್ ಲಾಕ್ (ಅನುಮತಿಯಿಲ್ಲದೆ ಹೆಸರು ಸಾಗದಂತೆ ತಡೆಯುವ ಬೀಗ) ತೆಗೆದು, ಹಳೆಯ ರಿಜಿಸ್ಟ್ರಾರ್ ಬಳಿ ಆಥ್ ಕೋಡ್ (ಸಾಗಿಸಲು ಬೇಕಾದ ಗುಪ್ತ ಸಂಕೇತ) ಕೇಳಿ. ಐದು ದಿನದೊಳಗೆ ಅವರು ಕೊಡಲೇಬೇಕು, ಕೊಡದಿದ್ದರೆ ಐಕಾನ್‌ಗೆ ದೂರು ಸಲ್ಲಿಸಬಹುದು. ಹೊಸ ರಿಜಿಸ್ಟ್ರಾರ್ ಬಳಿ ಕೋಡ್ ಹಾಕಿ ಹಣ ಕಟ್ಟಿದರೆ ಸಾಮಾನ್ಯವಾಗಿ ಅವಧಿಗೆ ಒಂದು ವರ್ಷ ಸೇರುತ್ತದೆ. ಹೆಸರನ್ನು ಸೈಟಿಗೂ ಇಮೇಲಿಗೂ ಜೋಡಿಸುವ ನೇಮ್ ಸರ್ವರ್ ಹಳೆಯ ರಿಜಿಸ್ಟ್ರಾರ್‌ದೇ ಆಗಿದ್ದರೆ ಅದರಲ್ಲಿರುವ ಜೋಡಣೆಯ ವಿವರಗಳನ್ನು (ಡಿಎನ್‌ಎಸ್ ದಾಖಲೆ) ಮೊದಲೇ ನಕಲು ಮಾಡಿ ಹೊಸ ಕಡೆ ಹಾಕಿ. ಇಲ್ಲವಾದರೆ ಮದುವೆ ಸೀಜನ್ನಿನಲ್ಲಿ ಸೈಟೂ ನಿಂತೀತು, ಆರ್ಡರಿನ ಇಮೇಲೂ ನಿಂತೀತು.

ಹಳೆಯ ಪ್ರೈವಸಿ ಸೇವೆ ನಿಮ್ಮ ಜತೆ ಬರುವುದಿಲ್ಲ. ಹೆಸರು ಬಂದ ದಿನವೇ ಹೊಸ ಕಡೆ ಅದನ್ನು ಆನ್ ಮಾಡಿ. ಇಮೇಲ್ ದೃಢೀಕರಿಸುವಂತೆ ಹೊಸಬರಿಂದ ಲಿಂಕ್ ಬಂದರೆ 15 ದಿನದೊಳಗೆ ಒತ್ತಿ, ಇಲ್ಲದಿದ್ದರೆ ಡೊಮೇನ್ ತಾತ್ಕಾಲಿಕವಾಗಿ ಬಂದ್ ಆಗಬಹುದು.