ನಮೀಬಿಯಾದ ಮರಳುಗಾಡಿನ ಕಡಲಂಚಿನಲ್ಲಿ ಗಾಡಿ ಓಡಿಸುವವರಿಗೆ

ಗಲ್ಫಿನಲ್ಲಿ ಗಾಡಿ ಓಡಿಸಿ ಪಳಗಿದ ನಮ್ಮ ಉಪ್ಪಳ, ಕುಂಬಳೆ ಕಡೆಯವರಿಗೆ ಮರಳುಗಾಡು ಅಂದರೆ ಸೆಕೆಯೇ. ಆದರೆ ನಮೀಬಿಯಾದ ಸ್ಕೆಲಿಟನ್ ಕೋಸ್ಟ್ ಎಂಬ ಕಡಲಂಚಿಗೆ ಹೊರಟವರು ಮೊದಲು ಬ್ಯಾಗಿಗೆ ಹಾಕಬೇಕಾದದ್ದು ಸ್ವೆಟರ್. ಅಲ್ಲಿನ ಕಡಲಲ್ಲಿ ಬೆಂಗ್ವೆಲಾ ಎಂಬ ಶೀತಪ್ರವಾಹ ಹರಿಯುತ್ತದೆ. ಮಳೆ ಇಲ್ಲವೆನ್ನುವಷ್ಟು ಕಡಿಮೆ, ಮಂಜು ಮಾತ್ರ ದಟ್ಟ.

ಗಾಡಿ ಓಡುವುದು ನಮ್ಮೂರಿನ ಹಾಗೆ ಎಡಬದಿಯಲ್ಲೇ. ಹೊರಡುವ ಮುಂಚೆ ಆರ್‌ಟಿಒ ಆಫೀಸಿನಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ರಾಜಧಾನಿ ವಿಂಡ್‌ಹುಕ್‌ನಲ್ಲಿ ಗಾಡಿ ಬಾಡಿಗೆಗೆ ತಗೊಳ್ಳುವಾಗ ಎರಡು ಸ್ಟೆಪ್ನಿ ಕೇಳಿ, ಜಾಕ್ ಹೊರಗೆ ತೆಗೆಸಿ, ಅಲ್ಲೇ ಒಂದು ಬೋಲ್ಟ್ ಬಿಚ್ಚಿ ನೋಡಿ. ಟಯರು, ಗಾಜು, ಮರಳುಗಾಳಿಯಿಂದ ಹೋಗುವ ಪೇಂಟು ಇವಕ್ಕೆ ಇನ್ಶೂರೆನ್ಸ್ ಇದೆಯೇ ಎಂದು ಓದಿಯೇ ಸಹಿ ಹಾಕಿ. ಖರ್ಚು ಉಳಿಸಲೇಬೇಕಿದ್ದರೆ ಕೋಣೆಯಲ್ಲಿ ಉಳಿಸಿ, ಗಾಡಿಯಲ್ಲಿ ಬೇಡ.

ಕಡಲಂಚಿನ ಪೇಟೆ ಸ್ವಾಕೋಪ್‌ಮುಂಡ್‌ನಿಂದ ಬಡಗು ದಿಕ್ಕಿಗೆ ಹೋಗುವ ಸಿ34 ಉಪ್ಪಿನ ರಸ್ತೆ, ಅಂದರೆ ಡಾಮರಿನ ಬದಲು ಉಪ್ಪಿನಿಂದ ಗಟ್ಟಿ ಮಾಡಿದ್ದು. ಒಣಗಿದಾಗ ಡಾಮರಿನಷ್ಟು ನಯ. ಮಂಜು ಬಿದ್ದರೆ ಜಾರುತ್ತದೆ, ಸಡನ್ನಾಗಿ ಬ್ರೇಕ್ ಒತ್ತಬೇಡಿ. ಬದಿಯಲ್ಲಿ ಅಲ್ಲಲ್ಲಿ ಮೇಜಿನ ಮೇಲೆ ಗುಲಾಬಿ ಛಾಯೆಯ ಉಪ್ಪಿನ ಹರಳು ಜೋಡಿಸಿ, ಪಕ್ಕದಲ್ಲಿ ಡಬ್ಬಿ ಇಟ್ಟಿರುತ್ತಾರೆ. ಮಾರುವವರು ಯಾರೂ ಇರುವುದಿಲ್ಲ. ಬೇಕಾದ ಹರಳು ಎತ್ತಿ, ದುಡ್ಡು ಡಬ್ಬಿಗೆ ಹಾಕಿ ಹೋಗುವುದು. ಆ ನಂಬಿಕೆ ಕಂಡು ನನಗೆ ತುಂಬಾ ಸಂತೋಷವಾಯಿತು, ದಯವಿಟ್ಟು ಅದನ್ನು ಉಳಿಸಿ. ರಸ್ತೆ ಬಿಟ್ಟು ಗಾಡಿ ಇಳಿಸಲೇಬೇಡಿ. ಅಲ್ಲಿನ ಕಲ್ಲುಹೂವಿನ ಮೇಲೆ ಬಿದ್ದ ಟಯರಿನ ಗುರುತು ಎಷ್ಟೋ ದಶಕ ಅಳಿಯುವುದಿಲ್ಲ.

ಹೆಂಟೀಸ್ ಬೇ ಎಂಬ ಊರಿಗೆ ಸ್ವಲ್ಪ ಮೊದಲು ದಡದ ಹತ್ತಿರವೇ ಝೈಲಾ ಎಂಬ ಹಡಗು ಸಿಕ್ಕಿಬಿದ್ದಿದೆ. 2008ರಲ್ಲಿ ಗುಜರಿಗೆಂದು ಮುಂಬಯಿ ಕಡೆಗೆ ಎಳೆದು ತರುವಾಗ ಹಗ್ಗ ತಪ್ಪಿ ಬಂದದ್ದು. ಈಗ ನೀರುಕಾಗೆಗಳ ಮನೆ. ಹೆಂಟೀಸ್ ಬೇಯಲ್ಲಿ ಟ್ಯಾಂಕ್ ತುಂಬಿಸಿ, ಕುಡಿಯುವ ನೀರೂ ತಗೊಳ್ಳಿ. ಮುಂದೆ ಕೇಪ್ ಕ್ರಾಸ್‌ನಲ್ಲಿ ಸಾವಿರಗಟ್ಟಲೆ ಸೀಲ್ ಎಂಬ ಕಡಲ ಪ್ರಾಣಿಗಳು, ತಡೆಯಲಾಗದ ವಾಸನೆ, ಮೂಗಿಗೆ ಕರ್ಚೀಫು ಬೇಕು. ಉಗಾಬ್ ಗೇಟಿನಿಂದ ಸ್ಕೆಲಿಟನ್ ಕೋಸ್ಟ್ ನ್ಯಾಷನಲ್ ಪಾರ್ಕ್ ಶುರು. ದಾಟಿ ಹೋಗುವವರಿಗೆ ಪರ್ಮಿಟ್ ಗೇಟಿನಲ್ಲೇ ಸಿಗುತ್ತದೆ, ಆದರೆ ಅದೇ ದಿನ ಹೊರಬೀಳಬೇಕು. ಬೆಳಗ್ಗೆಯೇ ಹೋಗಿ.

ಇನ್ನು ಲಾಡ್ಜು. ನಾವು ಬುಕ್ ಮಾಡಿದ್ದರ ಫೋಟೋದಲ್ಲಿ ಕಿಟಕಿ ತುಂಬ ಕಡಲಿತ್ತು. ಕೊಟ್ಟ ಕೋಣೆಯಿಂದ ಕಂಡದ್ದು ಜನರೇಟರ್ ಶೆಡ್ಡು. ರಾತ್ರಿ ಕರೆಂಟ್ ಹೋಯಿತು, ಬಿಸಿನೀರು ಬರಲೇ ಇಲ್ಲ. ಮಾಂಸ ತಿನ್ನದ ನನ್ನ ಹೆಂಡತಿಗೆ ಒಂದು ಬೇಯಿಸಿದ ಬಟಾಟೆ, ಸ್ವಲ್ಪ ಕ್ಯಾಬೇಜು. ಬಿಲ್ಲು ಮಾತ್ರ ಪೂರ್ತಿ ಊಟದ್ದು. ಎದ್ದು ಬೇರೆ ಕಡೆ ಹೋಗೋಣವೆಂದರೆ ಸುತ್ತ ಒಂದು ದೀಪವೂ ಇಲ್ಲ. ಆದ್ದರಿಂದ ಯಾವ ಕೋಣೆ, ಕರೆಂಟ್ ಎಷ್ಟು ಗಂಟೆವರೆಗೆ, ಸಸ್ಯಾಹಾರಕ್ಕೆ ಏನು ಕೊಡುತ್ತೀರಿ, ಬೇಗ ಬಿಟ್ಟರೆ ಹಣ ವಾಪಸ್ಸುಂಟೇ ಎಂದು ಮೊದಲೇ ಮೇಲ್‌ನಲ್ಲಿ ಕೇಳಿ. ಉತ್ತರದ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ, ಅಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಎರಡನೆಯ ರಾತ್ರಿಯ ದುಡ್ಡು ನಮಗೆ ತಿರುಗಿ ಸಿಕ್ಕಿದ್ದು ಅದನ್ನು ತೋರಿಸಿದ್ದರಿಂದಲೇ. ಸಾಮಾನು ಇಳಿಸುವ ಮೊದಲು ಕೋಣೆ ನೋಡಿ, ನಲ್ಲಿ ತಿರುಗಿಸಿ. ಅವಲಕ್ಕಿ, ಚಟ್ನಿಪುಡಿ ಕೈಗೆ ಸಿಗುವ ಚೀಲದಲ್ಲಿರಲಿ.

ಗಾಡಿ ಬಾಗಿಲು ತೆರೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ, ಅಲ್ಲಿನ ಗಾಳಿ ಅದನ್ನು ಹಿಂದಕ್ಕೆ ಮುರಿಯಬಲ್ಲದು. ವಾಪಸ್ ಕೊಡುವ ಮುನ್ನ ಅಡಿಭಾಗದ ಉಪ್ಪು ತೊಳೆಸಿಬಿಡಿ.