ಪಕ್ ಬಿಡಿ, ಹುಡುಗನನ್ನು ನೋಡಿ

ಜೂನಿಯರ್ ಐಸ್ ಹಾಕಿ ಪಂದ್ಯಕ್ಕೆ ಸ್ಕೌಟ್ ಆಗಿ, ಅಂದರೆ ಒಳ್ಳೆಯ ಆಟಗಾರರನ್ನು ಗುರುತಿಸುವವನಾಗಿ ಹೊರಟಾಗ ನಾನು ಮೊದಲು ನೋಡುವುದು ಹುಡುಗರ ಹುಟ್ಟಿದ ತಾರೀಖು. ಗೋಲು ಎಷ್ಟು, ಎತ್ತರ ಎಷ್ಟು ಅನ್ನುವುದೆಲ್ಲ ಆಮೇಲೆ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ಕ್ಲಬ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಒಂದು ಗಡುವು ಇದೆ. ಆ ವರ್ಷದ ಸೆಪ್ಟೆಂಬರ್ 15ರ ಒಳಗೆ 18 ತುಂಬಬೇಕು. ಸೆಪ್ಟೆಂಬರ್ 14ರಂದು ಹುಟ್ಟಿದವನು ಈ ವರ್ಷದ ಲೆಕ್ಕಕ್ಕೆ, 16ರಂದು ಹುಟ್ಟಿದವನು ಮುಂದಿನ ವರ್ಷದ ಲೆಕ್ಕಕ್ಕೆ. ಹಾಗಾಗಿ ಒಂದೇ ಡ್ರಾಫ್ಟ್‌ಗೆ ಬರುವ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಹದಿನೇಳರ ಪ್ರಾಯದಲ್ಲಿ ಹನ್ನೊಂದು ತಿಂಗಳು ಅಂದರೆ ಸಣ್ಣ ಮಾತಲ್ಲ. ಒಬ್ಬನಿಗೆ ಗಡ್ಡ ಬಂದಿರುತ್ತದೆ, ಇನ್ನೊಬ್ಬನ ಭುಜ ಇನ್ನೂ ತುಂಬಿರುವುದಿಲ್ಲ. ಈ ಲೆಕ್ಕ ತಲೆಯಲ್ಲಿಲ್ಲದೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚಿಕ್ಕವನಿಗೆ ಅನ್ಯಾಯ ಆಗುತ್ತದೆ.

ನಾನು ಕೊಡಗಿನವನು. ಈಗ ಇರುವುದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಕಿಚನರ್‌ನಲ್ಲಿ. ವಾರವೆಲ್ಲ ಬೇರೆ ನೌಕರಿ. ಹಾಕಿ ಸೀಸನ್‌ನಲ್ಲಿ ವಾರಾಂತ್ಯ ಬಂತೆಂದರೆ ಒಂದು ಸ್ವತಂತ್ರ ಸ್ಕೌಟಿಂಗ್ ಸಂಸ್ಥೆಗೆ ಜೂನಿಯರ್ ಆಟಗಾರರ ವರದಿ ಬರೆಯುತ್ತೇನೆ. ಹೆಚ್ಚಾಗಿ ನೋಡುವುದು ಒಂಟಾರಿಯೋ ಹಾಕಿ ಲೀಗ್, ಇಲ್ಲಿನವರ ಬಾಯಲ್ಲಿ ಓಎಚ್‌ಎಲ್. 16ರಿಂದ 20 ವರ್ಷದ ಹುಡುಗರ ಲೀಗ್ ಇದು. ಸೀಸನ್‌ಗೆ ಪ್ರತಿ ತಂಡಕ್ಕೆ 68 ಪಂದ್ಯ. ದೂರದ ಊರಿನ ಹುಡುಗರು ಆಟಗಾರರನ್ನು ಇರಿಸಿಕೊಳ್ಳುವ ಬಿಲೆಟ್ ಕುಟುಂಬಗಳ ಮನೆಯಲ್ಲಿ ಉಳಿದುಕೊಂಡು, ಶಾಲೆಗೂ ಹೋಗಿ, ಬಸ್ಸಿನಲ್ಲಿ ಊರೂರು ಸುತ್ತಿ ಆಡುತ್ತಾರೆ. ಅವರಿನ್ನೂ ಮಕ್ಕಳು. ಅದಕ್ಕೇ ಇಲ್ಲಿ ನಾನು ನೋಡಿದ ಯಾವ ಹುಡುಗನ ಹೆಸರನ್ನೂ ಜೆರ್ಸಿ ನಂಬರನ್ನೂ ಹೇಳುವುದಿಲ್ಲ.

ಹಾಕಿ ನೋಡುವ ಕಣ್ಣು ನನಗೆ ಊರಿನಿಂದಲೇ ಬಂದಿದ್ದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಆದರೆ ಇಲ್ಲಿನ ಆಟದ ಲೆಕ್ಕವೇ ಬೇರೆ. ನಮ್ಮ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಇಲ್ಲಿನ ರಿಂಕ್ 200 ಅಡಿಗೆ 85 ಅಡಿ. ನಮ್ಮ ಮೈದಾನದ ಮೂರನೇ ಒಂದು ಭಾಗವೂ ಇಲ್ಲ. ಸುತ್ತ ಗೋಡೆ ಇರುವುದರಿಂದ ಪಕ್ (ಚೆಂಡಿನ ಬದಲು ಇಲ್ಲಿ ಆಡುವ ರಬ್ಬರ್ ಬಿಲ್ಲೆ) ಹೊರಗೆ ಹೋಗುವುದು ಕಡಿಮೆ, ಬಡಿದು ವಾಪಸ್ ಬರುತ್ತದೆ. ಗೋಲಿ (ಗೋಲ್‌ಕೀಪರ್) ಸೇರಿ ಒಂದೊಂದು ಕಡೆ ಆರು ಜನ. ನಮ್ಮ ಹಾಕಿಯಿಂದ ಆಫ್‌ಸೈಡ್ 1990ರ ದಶಕದಲ್ಲೇ ಹೋಯಿತು. ಇಲ್ಲಿ ಇಡೀ ಆಟ ಇವತ್ತಿಗೂ ಬ್ಲೂ ಲೈನ್ (ಪಕ್‌ಗಿಂತ ಮೊದಲು ಆಟಗಾರ ದಾಟಬಾರದ ನೀಲಿ ಗೆರೆ) ಸುತ್ತಲೇ ತಿರುಗುತ್ತದೆ. ಜಾಗ ಕಡಿಮೆ, ಸಮಯ ಇನ್ನೂ ಕಡಿಮೆ. ಪಕ್ ಸ್ಟಿಕ್‌ಗೆ ತಾಗುವ ಮೊದಲೇ ಹುಡುಗ ಸುತ್ತಮುತ್ತ ಏನೇನು ನೋಡಿಕೊಂಡಿದ್ದ ಅನ್ನುವುದೇ ಅರ್ಧ ಆಟ.

ಒಂದೇ ಪಂದ್ಯ ನೋಡಿ ಏನು ಹೇಳೋಕೆ ಆಗುತ್ತೆ ಅಂತ ಸ್ನೇಹಿತರು ಕೇಳುತ್ತಾರೆ. ಅವನು ಮುಂದೆ ಎನ್‌ಎಚ್‌ಎಲ್ ಆಡುತ್ತಾನೋ ಇಲ್ಲವೋ ಹೇಳೋಕೆ ಆಗುವುದಿಲ್ಲ. ಅವನ ಅಭ್ಯಾಸಗಳನ್ನು ಹೇಳಬಹುದು. ಗೋಲು ಒಂದು ಪಂದ್ಯದಲ್ಲಿ ಬಂದರೆ ಒಂದು, ಜಾಸ್ತಿ ಅಂದರೆ ಎರಡು. ಎಷ್ಟೋ ದಿನ ಅದೂ ಇಲ್ಲ. ಶಿಫ್ಟ್, ಅಂದರೆ ಬೆಂಚಿನಿಂದ ಇಳಿದು ಆಡುವ ಒಂದು ಸರದಿ, ಹಾಗಲ್ಲ. ತಂಡದ ಮುಖ್ಯ ಆಟಗಾರ ಒಂದು ಪಂದ್ಯದಲ್ಲಿ 20ಕ್ಕೂ ಹೆಚ್ಚು ಸಲ ಐಸ್‌ಗೆ ಇಳಿಯುತ್ತಾನೆ, ಒಂದೊಂದು ಸಲ 40–45 ಸೆಕೆಂಡ್. ಅಭ್ಯಾಸ ಅನ್ನುವುದು ಒಂದಿದ್ದರೆ ಅಷ್ಟು ಶಿಫ್ಟ್‌ಗಳಲ್ಲಿ ಮತ್ತೆ ಮತ್ತೆ ಕಂಡೇ ಕಾಣುತ್ತದೆ. ನಾನು ಎಣಿಸುವುದು ಅದನ್ನು.

ಒಂದು ಪಂದ್ಯದಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಹುಡುಗರು. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಎರಡೂ ತಂಡ ಸೇರಿ ನಲವತ್ತು ಜನ ಇರುತ್ತಾರೆ. ಎಲ್ಲರನ್ನೂ ನೋಡಲು ಹೊರಟರೆ ಯಾರನ್ನೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ. ಮನೆಯಿಂದ ಹೊರಡುವ ಮೊದಲೇ ತಂಡದ ವೇಳಾಪಟ್ಟಿ ನೋಡುತ್ತೇನೆ. ಈ ಲೀಗ್‌ನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯ ಬೀಳುವುದುಂಟು, ನಡುವೆ ಬಸ್ ಪ್ರಯಾಣ. ಭಾನುವಾರ ಮಧ್ಯಾಹ್ನ ಎದುರಾಳಿಯ ಹಿಂದೆ ಬಿದ್ದ ಹುಡುಗನನ್ನು ನಿಧಾನ ಅಂತ ಬರೆಯುವ ಮುಂಚೆ ಅವನು ಶುಕ್ರವಾರ ರಾತ್ರಿ ಎಲ್ಲಿ ಆಡಿದ್ದ ಅಂತ ಗೊತ್ತಿರಬೇಕಲ್ವಾ? ಅವನ ಲೈನ್‌ನಲ್ಲಿ, ಅಂದರೆ ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳಲ್ಲಿ, ಯಾರಿದ್ದಾರೆ ಅನ್ನುವುದೂ ಮುಖ್ಯ. ಪ್ರತಿ ತಂಡ 20 ವರ್ಷದ ಮೂವರನ್ನು ಇಟ್ಟುಕೊಳ್ಳಬಹುದು. ಅಂಥ ಇಬ್ಬರ ನಡುವೆ ಆಡುವ ಹದಿನೇಳರ ಸೆಂಟರ್‌ಗೆ (ನಡುವಿನ ಫಾರ್ವರ್ಡ್) ಪಾಯಿಂಟ್, ಅಂದರೆ ಗೋಲು ಮತ್ತು ಗೋಲಿಗೆ ನೆರವಾದ ಪಾಸ್‌ನ ಲೆಕ್ಕ, ತಾನಾಗಿಯೇ ಬರುತ್ತದೆ. ನಾಲ್ಕನೇ ಲೈನ್‌ನಲ್ಲಿ ಹದಿನಾರರ ಹುಡುಗರ ಜೊತೆ ಆಡುವವನಿಗೆ ಆ ಭಾಗ್ಯ ಇಲ್ಲ.

ನಮ್ಮೂರಿನ ರಿಂಕ್ 1951ರ ಮೆಮೋರಿಯಲ್ ಆಡಿಟೋರಿಯಂ. ಎಲ್ಲರೂ 'ಆಡ್' ಅಂತಾರೆ. ಅಲ್ಲಿ ನಾನು ಕೂರುವುದು ಮೂಲೆಯ ಮೇಲಿನ ಸಾಲಿನಲ್ಲಿ. ಮಧ್ಯದಲ್ಲಿ ಕೂತರೆ ಆಟ ಚೆನ್ನಾಗಿ ಕಾಣುತ್ತದೆ, ಅದು ನಿಜ. ಆದರೆ ಗೋಲಿನ ಹಿಂದಿನ ಗೋಡೆ ಹತ್ತಿರ ನಡೆಯುವುದು ಮೂಲೆಯಿಂದಲೇ ಕಾಣಬೇಕು. ಪಂದ್ಯಕ್ಕೆ ಮೂರು ಪೀರಿಯಡ್. ಒಂದನೇ ಮತ್ತು ಮೂರನೆಯದರಲ್ಲಿ ಒಂದು ತಂಡ ಅದೇ ಕಡೆಯ ಗೋಲನ್ನು ಕಾಯುತ್ತದೆ. ಡಿಫೆನ್ಸ್‌ಮನ್ ನೋಡಲು ಹೋಗಿದ್ದರೆ ಅವನು ಎರಡು ಪೀರಿಯಡ್ ಕಾಯುವ ಕಡೆ ಕೂರುತ್ತೇನೆ. ಫಾರ್ವರ್ಡ್ ಆದರೆ ಎದುರಿನ ಮೂಲೆ.

ವಾರ್ಮ್‌ಅಪ್ ತಪ್ಪಿಸುವುದಿಲ್ಲ. ಕಾಲು ಗಂಟೆ ಅಷ್ಟೇ, ಆದರೆ ಮೈ ಮೇಲೆ ಯಾರೂ ಬೀಳದೆ ಹುಡುಗ ಸ್ಕೇಟ್ ಮಾಡುವುದು ಆಗ ಮಾತ್ರ ಸಿಗುತ್ತದೆ. ಎಡಕ್ಕೆ ತಿರುಗುವಷ್ಟೇ ಸಲೀಸಾಗಿ ಬಲಕ್ಕೂ ತಿರುಗುತ್ತಾನಾ? ಮಂಡಿ ಬಾಗಿದೆಯಾ, ಇಲ್ಲ ಸೊಂಟದಿಂದ ಬಗ್ಗುತ್ತಿದ್ದಾನಾ? ಯಾವ ಕೈ ಶಾಟ್? ಬಲಗೈ ಡಿಫೆನ್ಸ್‌ಮನ್‌ಗಳು ಕಡಿಮೆ, ಎಲ್ಲ ಕ್ಲಬ್‌ಗಳೂ ಹುಡುಕುತ್ತಿರುತ್ತವೆ.

ನೋಟ್ಸ್ ಬರೆಯುವುದು ಕನ್ನಡದಲ್ಲಿ. ಅಕ್ಕಪಕ್ಕ ಬೇರೆ ಸ್ಕೌಟ್‌ಗಳು ಕೂತಿರುತ್ತಾರೆ, ಅವರಿಗೆ ಓದಲು ಬರುವುದಿಲ್ಲ ಅನ್ನುವುದು ಒಂದು ಅನುಕೂಲ. ಅದಕ್ಕಿಂತ ಮುಖ್ಯವಾಗಿ ಒಂದೇ ಅಕ್ಷರದಲ್ಲಿ ಮುಗಿಯುತ್ತದೆ. 'ಹೆ' ಅಂದರೆ ಹೆಗಲ ಮೇಲಿಂದ ಹಿಂದೆ ನೋಡಿದ. 'ಗೋ' ಅಂದರೆ ಗೋಡೆ ಹತ್ತಿರ ಪಕ್ ಉಳಿಸಿಕೊಂಡ. 'ವಾ' ಅಂದರೆ ಪಕ್ ಕಳೆದುಕೊಂಡ ಮೇಲೆ ಓಡಿ ವಾಪಸ್ ಬಂದ. ಅಕ್ಷರದ ಮೇಲೆ ಅಡ್ಡಗೆರೆ ಎಳೆದರೆ ಮಾಡಲಿಲ್ಲ ಅಂತ.

ಮೊದಲ ಪೀರಿಯಡ್‌ನಲ್ಲಿ ಪಕ್ ನೋಡುವುದನ್ನೇ ಬಿಡುತ್ತೇನೆ. ನನ್ನ ಹುಡುಗ ಬೆಂಚಿನಿಂದ ಇಳಿದದ್ದರಿಂದ ವಾಪಸ್ ಹತ್ತುವವರೆಗೆ ಕಣ್ಣು ಅವನ ಮೇಲೆ ಮಾತ್ರ. ಅತ್ತ ಗೋಲಾಗಿ ಜನ ಎದ್ದು ಕೂಗಿದರೂ ಸರಿ. ಟಿವಿ ಕ್ಯಾಮೆರಾ ಪಕ್ ಹಿಂದೆ ಹೋಗುತ್ತದೆ, ಹಾಗಾಗಿ ಮನೆಯಲ್ಲಿ ಕೂತು ನೋಡಿದರೆ ಇದು ಸಿಗುವುದಿಲ್ಲ. ಪಕ್ ಇಲ್ಲದ ಮೂವತ್ತು ಚಿಲ್ಲರೆ ಸೆಕೆಂಡ್ ನೋಡಲಿಕ್ಕೆಂದೇ ನಾನು ಚಳಿಯಲ್ಲಿ ಗಾಡಿ ಓಡಿಸಿಕೊಂಡು ಹೋಗುವುದು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಎದುರು ತಂಡ ಪಕ್ ಅನ್ನು ಮೂಲೆಗೆ ಹೊಡೆಯುತ್ತದೆ. ಡಿಫೆನ್ಸ್‌ಮನ್ ಬೆನ್ನು ತಿರುಗಿಸಿ ಅದರ ಹಿಂದೆ ಹೋಗಬೇಕು. ಹಿಂದಿನಿಂದ ಫೋರ್‌ಚೆಕ್ ಮಾಡುವ (ಪಕ್ ಕಿತ್ತುಕೊಳ್ಳಲು ಬೆನ್ನಟ್ಟುವ) ಎದುರಾಳಿ ನೂಕಲೆಂದೇ ಬರುತ್ತಿರುತ್ತಾನೆ. ಇದಿಷ್ಟೂ ಮೂರೋ ನಾಲ್ಕೋ ಸೆಕೆಂಡಿನ ಕಥೆ. ಮೊನ್ನೆ ಚಳಿಗಾಲದಲ್ಲಿ ನೋಡಿದ ಒಬ್ಬ ಹುಡುಗ ಹೀಗೆ ಮಾಡಿದ. ತಿರುಗಿದ ತಕ್ಷಣ ಎಡ ಹೆಗಲ ಮೇಲಿಂದ ಒಂದು ನೋಟ. ಎರಡು ದಾಪು ಸ್ಕೇಟ್ ಮಾಡಿ ಬಲ ಹೆಗಲ ಮೇಲಿಂದ ಇನ್ನೊಂದು. ಪಕ್ ಮುಟ್ಟುವ ಮುಂಚೆ ಒಂದು ಗಳಿಗೆ ವೇಗ ತಗ್ಗಿಸಿ, ಸ್ಟಿಕ್ಕಿನ ತುದಿಯನ್ನು ಗೋಡೆ ಕಡೆ ತೋರಿಸಿದ. ಬೆನ್ನ ಹಿಂದಿದ್ದವನು ಗೋಡೆ ಕಡೆ ವಾಲಿದ. ಇವನು ಒಳಗೆ ತಿರುಗಿ ಗೋಲಿನ ಹಿಂದಿನಿಂದ ಜೊತೆಗಾರನಿಗೆ ಪಕ್ ಕೊಟ್ಟ. ಆರು ಸೆಕೆಂಡಿನಲ್ಲಿ ಪಕ್ ಎದುರಿನ ಬ್ಲೂ ಲೈನ್ ದಾಟಿತ್ತು. ಚಪ್ಪಾಳೆ ಇಲ್ಲ, ಅಂಕಿ-ಅಂಶದಲ್ಲಿ ಒಂದಕ್ಷರ ಇಲ್ಲ. ನನ್ನ ಪುಸ್ತಕದಲ್ಲಿ 'ಹೆಹೆ' ಅಂತ ಬಿತ್ತು. ಆ ರಾತ್ರಿ ಅವನ ಹೆಸರಿನ ಮುಂದೆ ಆ ಜೋಡಿ ಅಕ್ಷರ ಸಾಲುಸಾಲಾಗಿ ತುಂಬಿತು. ಮೂರನೇ ಪೀರಿಯಡ್‌ನ ಕೊನೆಯಲ್ಲಿ, ಉಸಿರು ಮೇಲಕ್ಕೆ ಬಂದಿದ್ದಾಗಲೂ ಬಿಡಲಿಲ್ಲ. ಅದನ್ನು ಕಂಡಾಗ ನನಗಾದ ಸಂತೋಷ ಒಳ್ಳೆ ಗೋಲು ಕಂಡಾಗಲೂ ಆಗುವುದಿಲ್ಲ.

ಅದೇ ಪಂದ್ಯದಲ್ಲಿ ಎದುರು ತಂಡದ ಒಬ್ಬ ವಿಂಗರ್‌ಗೆ (ಬದಿಯ ಫಾರ್ವರ್ಡ್) ಮೂರು ಪಾಯಿಂಟ್ ಬಂತು. ಮಾರನೇ ದಿನ ಎಲ್ಲರೂ ಅವನ ಮಾತೇ ಆಡಿದರು. ಆ ಮೂರನ್ನು ಬಿಡಿಸಿ ನೋಡೋಣ. ಒಂದು, ಪವರ್ ಪ್ಲೇಯಲ್ಲಿ (ಎದುರಾಳಿ ಶಿಕ್ಷೆಗೆ ಹೋಗಿ ಒಬ್ಬ ಕಡಿಮೆ ಇದ್ದಾಗ) ಎರಡನೇ ಅಸಿಸ್ಟ್. ನಿಂತಲ್ಲೇ ಹತ್ತು ಅಡಿ ದೂರಕ್ಕೆ ಕೊಟ್ಟ ಪಾಸ್, ಅಲ್ಲಿಂದ ಇನ್ನೊಬ್ಬನಿಗೆ ಹೋಗಿ ಗೋಲಾಯಿತು. ಎರಡು, ಅವನು ಹೊಡೆದ ಶಾಟ್ ಎದುರಾಳಿಯ ಸ್ಕೇಟಿಗೆ ತಾಗಿ ಒಳಗೆ ಹೋಯಿತು. ಮೂರು, ಎದುರಾಳಿಗಳು ಇನ್ನೊಬ್ಬ ಆಟಗಾರನನ್ನು ಇಳಿಸಲು ಗೋಲಿಯನ್ನು ಹೊರಗೆ ಕರೆಸಿಕೊಂಡಾಗ ಖಾಲಿ ಗೋಲ್‌ಪೋಸ್ಟ್ ಒಳಗೆ ಹೊಡೆದದ್ದು. ಐದು ಜನಕ್ಕೆ ಐದು ಜನ ಇದ್ದ ಹೊತ್ತಿನಲ್ಲಿ ಅವನು ಗೋಡೆ ಪಕ್ಕದ ಪಕ್‌ಗೆ ಹೋದಾಗಲೆಲ್ಲ ಎದುರಾಳಿ ಡಿಫೆನ್ಸ್‌ಮನ್ ಮುಂದೆ ನುಗ್ಗಿ ಬರುವುದನ್ನು ನೋಡದೆ ಪಕ್ ಕಳೆದುಕೊಂಡ. ಹಾಗಂತ ಅವನು ಕೆಟ್ಟ ಆಟಗಾರ ಅಂತ ನಾನು ಬರೆಯಲಿಲ್ಲ. ಅವನ ಶಾಟ್ ಕೈಯಿಂದ ಬಿಡುಗಡೆಯಾಗುವ ವೇಗ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಮೊದಲ ಸಾಲಿನಲ್ಲೇ ಹಾಕಿದೆ. ಮೂರು ಪಾಯಿಂಟ್ ಹೇಗೆ ಬಂತು ಅಂತಲೂ ಬರೆದೆ.

ಕೋಚ್ ಯಾರನ್ನು ಯಾವಾಗ ಇಳಿಸುತ್ತಾನೆ ಅನ್ನುವುದನ್ನು ಗಮನಿಸಿ. ಒಂದು ಗೋಲಿನ ಮುನ್ನಡೆ, ಕೊನೆಯ ಎರಡು ನಿಮಿಷ, ತಮ್ಮ ಕಡೆಯಲ್ಲೇ ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬಿಟ್ಟು ಆಟ ಮತ್ತೆ ಶುರು ಮಾಡುವುದು). ಆಗ ಐಸ್ ಮೇಲೆ ಹದಿನೇಳರ ಹುಡುಗ ಇದ್ದರೆ, ದಿನಾ ಪ್ರಾಕ್ಟೀಸ್ ನೋಡುವವರು ಅವನನ್ನು ನಂಬುತ್ತಾರೆ ಅಂತ ಅರ್ಥ. ನನ್ನ ಒಂದು ಸಂಜೆಗಿಂತ ಅವರ ಆರು ತಿಂಗಳಿಗೆ ತೂಕ ಜಾಸ್ತಿ. ಇನ್ನೊಂದು, ಪಕ್ ಕಳೆದುಕೊಂಡು ಗೋಲು ಬಿಟ್ಟುಕೊಟ್ಟವನ ಮುಂದಿನ ಶಿಫ್ಟ್. ಕೆಲವರು ಆಮೇಲೆ ಪಕ್ ಬಂದರೆ ಸುಮ್ನೆ ಗೋಡೆ ಮೇಲಿನ ಗಾಜಿಗೆ ಹೊಡೆದು ಕೈ ತೊಳೆದುಕೊಳ್ಳುತ್ತಾರೆ. ಕೆಲವರು ಮತ್ತೆ ಅದೇ ಪಾಸ್ ಹುಡುಕುತ್ತಾರೆ. ಎರಡನೆಯವರನ್ನು ನಾನು ಇಷ್ಟಪಡುತ್ತೇನೆ. ಇದು ನನ್ನ ಪಕ್ಷಪಾತ ಇರಬಹುದು, ಆದರೆ ಹೆದರಿ ಆಡುವುದನ್ನು ಬಿಡಿಸುವುದು ಕಷ್ಟ, ಕೆಟ್ಟ ಪಾಸ್ ತಿದ್ದುವುದು ಸುಲಭ.

ಗೋಲಿಗಳ ಬಗ್ಗೆ ಒಂದು ಪಂದ್ಯ ನೋಡಿ ನಾನು ತೀರ್ಪು ಕೊಡುವುದಿಲ್ಲ. ಅವತ್ತು ಬಂದ ಶಾಟ್ ಇಪ್ಪತ್ತೇ ಆಗಿದ್ದರೆ ಹೇಳುವುದಾದರೂ ಏನು? ಜನರ ಸಂದಿಯಿಂದ ಪಕ್ ಹುಡುಕಲು ತಲೆ ಆಡಿಸುತ್ತಾನಾ, ತಡೆದ ಪಕ್ ಎಲ್ಲಿಗೆ ಹೋಗಿ ಬೀಳುತ್ತದೆ, ಇಷ್ಟು ಬರೆದು ಮುಂದಕ್ಕೆ ಹೋಗುತ್ತೇನೆ.

ಈ ಕೆಲಸದಲ್ಲಿ ದೊಡ್ಡ ದೊಡ್ಡ ಕ್ಲಬ್‌ಗಳ ಕಣ್ಣಿಗೂ ಎಲ್ಲವೂ ಬೀಳುವುದಿಲ್ಲ. 1998ರ ಡ್ರಾಫ್ಟ್ ತೆಗೆದುಕೊಳ್ಳಿ. ನಮ್ಮ ಪಕ್ಕದ ಊರು ಗ್ವೆಲ್ಫ್‌ನಲ್ಲಿ ಆಡುತ್ತಿದ್ದ, ಭಾರತ ಮೂಲದ ತಂದೆಯ ಮಗ ಮ್ಯಾನಿ ಮಲ್ಹೋತ್ರಾನನ್ನು ನ್ಯೂಯಾರ್ಕ್ ರೇಂಜರ್ಸ್ 7ನೆಯವನಾಗಿ ಆರಿಸಿತು. ಅವನು ಸಾವಿರದ ಹತ್ತಿರ ಎನ್‌ಎಚ್‌ಎಲ್ ಪಂದ್ಯ ಆಡಿದ, ಒಳ್ಳೆಯ ಆಯ್ಕೆಯೇ. ಅದೇ ಡ್ರಾಫ್ಟ್‌ನ 171ನೆಯವನು ಪಾವೆಲ್ ಡಟ್ಸ್ಯುಕ್. ಡೆಟ್ರಾಯಿಟ್ ರೆಡ್ ವಿಂಗ್ಸ್‌ನ ಸ್ಕೌಟ್ ಹೋಕನ್ ಆಂಡರ್ಸನ್ ರಷ್ಯಾದಲ್ಲಿ ಬೇರೊಬ್ಬ ಹುಡುಗನನ್ನು ನೋಡಲು ಹೋಗಿದ್ದಾಗ ಇವನು ಕಣ್ಣಿಗೆ ಬಿದ್ದ. ಸಣ್ಣ ಮೈಯವನು, ಹಿಂದಿನ ಡ್ರಾಫ್ಟ್‌ಗಳಲ್ಲಿ ಯಾರೂ ಕರೆದಿರಲಿಲ್ಲ. 2002 ಮತ್ತು 2008ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದ ಡೆಟ್ರಾಯಿಟ್ ತಂಡದಲ್ಲಿ ಅವನಿದ್ದ. ಇತ್ತೀಚಿನದು ಬೇಕೆಂದರೆ ಅರ್ಶದೀಪ್ ಬೈನ್ಸ್ ಇದ್ದಾನೆ. ಪಶ್ಚಿಮದ ಜೂನಿಯರ್ ಲೀಗ್ ಡಬ್ಲ್ಯುಎಚ್‌ಎಲ್‌ನಲ್ಲಿ ರೆಡ್ ಡಿಯರ್ ತಂಡಕ್ಕೆ ಆಡಿ, 2021–22ರಲ್ಲಿ 112 ಪಾಯಿಂಟ್ ಗಳಿಸಿ ಇಡೀ ಲೀಗ್‌ಗೆ ಮೊದಲಿಗನಾದ. ಅದಕ್ಕೂ ಮುಂಚೆ ಯಾವ ಡ್ರಾಫ್ಟ್‌ನಲ್ಲೂ ಅವನ ಹೆಸರು ಬಂದಿರಲಿಲ್ಲ. ಆ ಸೀಸನ್ ನಡೆಯುತ್ತಿದ್ದಾಗಲೇ ಎನ್‌ಎಚ್‌ಎಲ್‌ನ ವ್ಯಾಂಕೂವರ್ ಕೆನಕ್ಸ್ ಅವನನ್ನು ನೇರವಾಗಿ ಸೇರಿಸಿಕೊಂಡಿತು. ಏಳು ಸುತ್ತು, 224 ಹೆಸರು ಇದ್ದೂ ಹೀಗಾಗುತ್ತದೆ.

ಪಂದ್ಯ ಮುಗಿದ ರಾತ್ರಿಯೇ ವರದಿ ಬರೆಯುತ್ತೇನೆ. ಬೆಳಿಗ್ಗೆಗೆ ಬಿಟ್ಟರೆ ಬೇರೆಯವರ ಮಾತು, ಅಂಕಿ-ಅಂಶ ಎಲ್ಲ ತಲೆಯೊಳಗೆ ಸೇರಿಬಿಡುತ್ತದೆ. ಮೊದಲು ಸಂದರ್ಭ: ಎಲ್ಲಿ, ಎಷ್ಟನೇ ದಿನದ ಪಂದ್ಯ, ಯಾರ ಜೊತೆ ಆಡಿದ, ಯಾರ ಎದುರು. ಆಮೇಲೆ ಕಂಡದ್ದು. ಇಲ್ಲಿ 'ಬುದ್ಧಿವಂತ ಆಟಗಾರ', 'ಛಲ ಇದೆ' ಅಂತೆಲ್ಲ ಬರೆಯುವುದಿಲ್ಲ. 'ಪಕ್ ಮುಟ್ಟುವ ಮೊದಲು ಎರಡು ಸಲ ಹಿಂದೆ ನೋಡಿದ, ಕೊನೆಯ ಪೀರಿಯಡ್‌ನಲ್ಲೂ' ಅಂತ ಬರೆದರೆ ಓದುವವರಿಗೆ ಉಪಯೋಗ. ನನ್ನ ಊಹೆಗಳನ್ನು ಬೇರೆಯಾಗಿ, ಊಹೆ ಅಂತಲೇ ಹಾಕುತ್ತೇನೆ.

ಕೊನೆಯ ಭಾಗದಲ್ಲಿ ಪ್ರಶ್ನೆಗಳು ಮಾತ್ರ. ಆ ಡಿಫೆನ್ಸ್‌ಮನ್ ವರದಿಯ ಕೆಳಗೆ ಮೂರು ಬರೆದೆ. ಇವನಿಗಿಂತ ವೇಗವಾಗಿ ಸ್ಕೇಟ್ ಮಾಡುವ ವಿಂಗರ್ ನೇರವಾಗಿ ಮೈ ಮೇಲೆ ಬಂದರೆ ಹಿಮ್ಮುಖವಾಗಿ ಹೋಗುತ್ತಾ ಎಷ್ಟು ಅಂತರ ಕಾಯ್ದುಕೊಳ್ಳುತ್ತಾನೆ? ತಂಡ ಎರಡು ಗೋಲು ಹಿಂದಿದ್ದಾಗಲೂ ಇಷ್ಟೇ ಸಮಾಧಾನದಿಂದ ಆಡುತ್ತಾನಾ? ಜೊತೆಗಾರ ಬದಲಾದರೆ? ಉತ್ತರ ಹುಡುಕಲು ಮುಂದಿನ ತಿಂಗಳು ಅವನ ತಂಡ ಬೇರೆ ಊರಿಗೆ ಹೋಗುವ ಪಂದ್ಯಕ್ಕೆ ಟಿಕೆಟ್ ತೆಗೆದಿಟ್ಟಿದ್ದೇನೆ. ಎದುರು ತಂಡದಲ್ಲಿ ಲೀಗ್‌ನ ಒಳ್ಳೆಯ ಸ್ಕೇಟರ್‌ಗಳಿದ್ದಾರೆ, ಮೊದಲ ಪ್ರಶ್ನೆಗಾದರೂ ಉತ್ತರ ಸಿಗಬೇಕು.